ಹಲ್ಲಿನ ಡಾಕ್ಟರ ಜಪಾನಿ ಕಾರುಗಳು

ಕೆನ್ನೆಗೆ ಕೈ ಒತ್ತಿಕೊಂಡು ಬಸ್ಸಿಳಿದವರು ಈಗಲೂ ನನ್ನ ಮೆಡಿಕಲ್ ಶಾಪಿನ ಮುಂದೆ ನಿಂತು ಪಕ್ಕದ ಬಾಗಿಲನ್ನು ನೋಡುತ್ತಾರೆ. ಅಲ್ಲಿ ಈಗ ಮೊಬೈಲ್ ಕವರು, ಇಯರ್‌ಫೋನು ಮಾರುವ ಅಂಗಡಿ. "ಹಲ್ಲಿನ ಡಾಕ್ಟ್ರು ಎಲ್ಲಿಗ್ ಹೋಗ್ಯಾರ್ರಿ?" ಎಂದು ಕೇಳುತ್ತಾರೆ. ತೀರಿಕೊಂಡರು ಎಂದರೆ, "ಹಂಗಾರ ನೀವ ಒಂದು ನೋವಿನ ಗುಳಿಗಿ ಕೊಡ್ರಿ" ಅನ್ನುತ್ತಾರೆ. ಹರಪನಹಳ್ಳಿ ತಾಲೂಕಿನ ಅರಸೀಕೆರೆ, ಚಿಗಟೇರಿ ಕಡೆಯಿಂದ ಬಂದವರು. ಅವರಿಗೆ ಸುದ್ದಿ ಮುಟ್ಟಿರುವುದಿಲ್ಲ. ಅವರಿಗೆ ಉತ್ತರ ಹೇಳುವಾಗ ನನಗೆ ದುಃಖಕ್ಕಿಂತ ಮೊದಲು ಬರುವುದು ಸಿಟ್ಟು. ಯಾರ ಮೇಲೆ ಎಂದರೆ, ಆ ಮನುಷ್ಯನ ಮೇಲೆಯೇ ಅನ್ನಬೇಕು. ಬದುಕಿದ್ದಾಗಲೂ ಅವರು ನನಗೆ ಕೊಟ್ಟಿದ್ದು ಹೆಚ್ಚಾಗಿ ಅದನ್ನೇ.

ಕೊಟ್ಟೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವರ ದವಾಖಾನೆಗೂ ನನ್ನ ಅಂಗಡಿಗೂ ಒಂದೇ ಗೋಡೆ. ಅವರು ಹರಪನಹಳ್ಳಿಯವರು. ದಾವಣಗೆರೆಯಲ್ಲಿ ಓದಿ, ಹಲ್ಲಿನ ವೈದ್ಯರೇ ಇಲ್ಲದಿದ್ದ ಊರು ಎಂದು ನಮ್ಮೂರನ್ನು ಆರಿಸಿಕೊಂಡು ಬಂದಿದ್ದರು. ಕುಳ್ಳಗಿನ, ಗಟ್ಟಿ ಆಳು. ತೋಳು ಮಡಚಿದ ಅಂಗಿ, ಹಣೆಯ ಮೇಲೆ ಏರಿಸಿದ ಕನ್ನಡಕ. ಸಿಟ್ಟು ಬಂದಾಗ ಆ ಕನ್ನಡಕವನ್ನು ಹುಡುಕುವುದು ಅವರ ಅಭ್ಯಾಸ. ಹಣೆಯ ಮೇಲಿದೆ ಎಂದು ಹೇಳಿದವನ ಮೇಲೆ ಉಳಿದ ಸಿಟ್ಟು ತಿರುಗುತ್ತಿತ್ತು.

ಅವರ ಸಿಟ್ಟಿನ ಮೂಲ ದಿನವೂ ನನ್ನ ಕಣ್ಣ ಮುಂದೆಯೇ ನಡೆಯುತ್ತಿತ್ತು. ಚಿಗಟೇರಿಯ ರೈತರೊಬ್ಬರು ಬಾಯಿ ತೆರೆದು ಕೂತಿರುತ್ತಾರೆ. ಡಾಕ್ಟರು ಕನ್ನಡಿ ಹಿಡಿದು ತೋರಿಸುತ್ತಾರೆ. "ಈ ಹಲ್ಲು ಉಳಿಸಬೋದು ನೋಡ್ರಿ. ಬೇರಿನ ಒಳಗ ಸ್ವಚ್ಛ ಮಾಡಿ, ತುಂಬಿ, ಮ್ಯಾಲ ಟೊಪ್ಪಿಗಿ ಹಾಕಿಬಿಟ್ರ ನೀವು ಇರೋತನಕ ಇರ್ತೈತಿ."

"ಎಷ್ಟು ಸಲ ಬರಬೇಕ್ರಿ?"

"ಒಂದ್ ಮೂರ್ನಾಕು ಸಲ ಬರ್ರಿ."

"ಕಿತ್ತು ಒಗೀರಿ ಸಾಹೇಬ್ರ. ಬಸ್ಸಿಗೆ ಹೊತ್ತಾತು."

ಕಿತ್ತು ಒಗೆಯುತ್ತಿದ್ದರು. ಆಮೇಲೆ ನನ್ನ ಅಂಗಡಿಯ ಕಟ್ಟೆಗೆ ಬಂದು ಕೈ ಒರೆಸಿಕೊಳ್ಳುತ್ತ, "ಹಲ್ಲು ಕಟ್ಟೋದು ಕಲ್ತು ಬಂದೆ ಕೊಟ್ರೇಶಿ, ಕೀಳೋ ಕೂಲಿ ಸಿಕ್ತು" ಅನ್ನುತ್ತಿದ್ದರು. ಈ ಮಾತನ್ನು ಅವರು ಎಷ್ಟು ಸಲ ಹೇಳಿದ್ದರೆಂದರೆ, ಅವರು ಬಾಯಿ ತೆರೆಯುವ ಮೊದಲೇ ನಾನು ಮುಗಿಸುತ್ತಿದ್ದೆ. ಅದಕ್ಕೂ ಬೈಸಿಕೊಳ್ಳುತ್ತಿದ್ದೆ.

ಎಕ್ಸ್‌ರೇ ಯಂತ್ರಕ್ಕೆಂದು ಮಾಡಿಸಿದ ಒಳಕೋಣೆಗೆ ಯಂತ್ರ ಬರಲೇ ಇಲ್ಲ. ಅಲ್ಲಿ ಒಂದು ಮೇಜು, ಭೂತಗನ್ನಡಿ ಜೋಡಿಸಿದ ದೀಪ, ಗೋಡೆಗೆ ಗಾಜಿನ ಕಪಾಟು ಬಂದವು. ಕಪಾಟಿನಲ್ಲಿ ಕಾರುಗಳು. ಒಂದೊಂದೂ ಅಂಗೈಗಿಂತ ಸ್ವಲ್ಪ ಉದ್ದ. ನಿಜವಾದ ಕಾರಿನ ಇಪ್ಪತ್ತನಾಲ್ಕನೇ ಒಂದು ಪಾಲು. ಎಲ್ಲವೂ ಜಪಾನಿನವು, ಎಲ್ಲವೂ ಅವರು ಹುಟ್ಟಿದ ಕಾಲದ ಆಸುಪಾಸಿನ ಸ್ಪೋರ್ಟ್ಸ್ ಕಾರುಗಳು. ಡಬ್ಬಿಯಲ್ಲಿ ಬರುತ್ತಿದ್ದದ್ದು ಕಾರಲ್ಲ, ಕಾರಿನ ಚೂರುಗಳು. ಸೀಟು, ಸ್ಟೇರಿಂಗು, ಸೈಲೆನ್ಸರು, ಸಾಸಿವೆ ಕಾಳಿನಷ್ಟು ಇಂಡಿಕೇಟರು ಎಲ್ಲವೂ ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡಿರುತ್ತಿದ್ದವು. ಅವನ್ನು ಕತ್ತರಿಸಿ ಬಿಡಿಸಿ, ಉಜ್ಜಿ, ಬಣ್ಣ ಹೊಡೆದು, ಅಂಟಿಸಿ ಕಾರು ಮಾಡಬೇಕು. ಹಲ್ಲು ಕೆರೆಯುವ ಸಲಾಕೆಯಿಂದಲೇ ಅವರು ಪುಟ್ಟ ಬಾಗಿಲುಗಳ ಸಂದು ಬಿಡಿಸುತ್ತಿದ್ದರು.

ಊರವರು ಅವರನ್ನು ಆಟಿಕಿ ಡಾಕ್ಟ್ರು ಎಂದು ಕರೆಯತೊಡಗಿದರು. ಅವರ ಕಿವಿಗೂ ಅದು ಬಿದ್ದಿತ್ತು. "ಆಟಿಕಿ ಅಂದ್ರ ಆಡೋದು. ಇದನ್ನ ಯಾರು ಆಡ್ತಾರ? ನಾನೂ ಮುಟ್ಟಲ್ಲ" ಅನ್ನುತ್ತಿದ್ದರು. ಒಮ್ಮೆ ನಾನು ಸುಮ್ಮನಿರಲಾರದೆ, ಅಮೆರಿಕದ ಕಾರು ಮಾಡಬಾರದೇ, ಅವು ದೊಡ್ಡವಿರುತ್ತವಲ್ಲ ಎಂದು ಕೇಳಿದೆ.

"ಅದರ ಸ್ಟೇರಿಂಗ್ ಎಡಗಡಿ ಇರ್ತೈತಿ. ಕೊಟ್ಟೂರಾಗ ಎಲ್ಲಿ ಓಡಸ್ತಿ? ಜಪಾನಿಂದು ನಮ್ಮಂಗ ಬಲಗಡಿ."

ಅವರು ತಮಾಷೆ ಮಾಡುತ್ತಿರಲಿಲ್ಲ. ಅಂಗೈಯಗಲದ ಆ ಪ್ಲಾಸ್ಟಿಕ್ಕನ್ನು ಹರಪನಹಳ್ಳಿ ರಸ್ತೆಗೆ ಇಳಿಸುವ ಲೆಕ್ಕದಲ್ಲೇ ಅವರ ಯೋಚನೆ ನಡೆಯುತ್ತಿತ್ತು. ಅವರಿಗೆ ಎಲ್ಲಕ್ಕಿಂತ ಹುಚ್ಚು ಫೇರ್‌ಲೇಡಿ ಎಂಬ ಎರಡು ಸೀಟಿನ, ಉದ್ದ ಮೂಗಿನ ಕಾರಿನದು. ಕಾಲೇಜಿನ ಹಾಸ್ಟೆಲಿನಲ್ಲಿ ಯಾರದೋ ಪತ್ರಿಕೆಯಲ್ಲಿ ಅದರ ಚಿತ್ರ ನೋಡಿದ್ದರಂತೆ. "ಹಿಂದಿನ ಕಾಲು ಮಡಚಿ ನೆಗ್ಯಾಕ ಕುಂತ ಕುದ್ರಿ ಇದ್ದಂಗ ಐತಿ ನೋಡು" ಎಂದು ಡಬ್ಬಿಯ ಮೇಲಿನ ಚಿತ್ರದ ಮೇಲೆ ಬೆರಳಾಡಿಸುತ್ತಿದ್ದರು. ಆ ಕಾರನ್ನು ಸರಿಯಾಗಿ, ಒಂದೇ ಒಂದು ಸಲ ಸರಿಯಾಗಿ ಮಾಡಬೇಕು ಎಂಬುದು ಅವರ ಹಟ.

ಸರಿಯಾಗುತ್ತಲೇ ಇರಲಿಲ್ಲ. ದೂರದಿಂದ ಬಂದ ಡಬ್ಬಿ ಒಂದು ಮೂಲೆ ಜಜ್ಜಿಕೊಂಡೇ ಬರುತ್ತಿತ್ತು. ಒಳಗೆ ಮುಂದಿನ ಗಾಜು ಸೀಳಿರುತ್ತಿತ್ತು. ಕೊರಿಯರಿನವರು ಫೋನ್ ಮಾಡಿ, ಕೊಟ್ಟೂರಿಗೆ ಬರುವುದಿಲ್ಲ, ಹೊಸಪೇಟೆಗೇ ಬಂದು ಒಯ್ಯಿರಿ ಅನ್ನುತ್ತಿದ್ದರು. ಒಂದು ಸಲ ಅವಸರದಲ್ಲಿ ತಟ್ಟನೆ ಹಿಡಿಯುವ ಅಂಟು ಬಳಸಿದರು. ಅದರ ಹೊಗೆ ತಾಗಿ ಎಲ್ಲ ಕಿಟಕಿ ಗಾಜುಗಳೂ ಪೊರೆ ಬಂದ ಕಣ್ಣಿನಂತೆ ಬೆಳ್ಳಗಾದವು. ಇನ್ನೊಂದು ಸಲ ಕಾರು ನಿಜಕ್ಕೂ ಮುಗಿಯಿತು. ಕೆಂಪು ಬಣ್ಣ, ಮೇಲೆ ಗಾಜಿನಂಥ ಹೊಳಪು. ನನಗಂತೂ ಅದು ಉಸಿರಾಡುತ್ತಿದೆ ಅನ್ನಿಸಿತು. ಮಾರನೇ ದಿನ ಹೋಗಿ ನೋಡಿದರೆ ಕಾರು ಬ್ರೇಕ್ ಆಯಿಲ್ ತುಂಬಿದ ಡಬರಿಯಲ್ಲಿ ಮುಳುಗಿ ಕೂತಿದೆ, ಬಣ್ಣ ಎಲ್ಲ ಸಿಪ್ಪೆಯಂತೆ ಸುಲಿದು ಬರುತ್ತಿದೆ.

"ಏನ್ ಸಾರ್ ಇದು! ಎಷ್ಟು ಚಂದ ಆಗಿತ್ತು."

"ಬಾನೆಟ್ ಮ್ಯಾಲ ಹುಳ ಕುಂತಿತ್ತು. ಬಣ್ಣದಾಗ ಅಂಟಿಕೊಂಡುಬಿಟ್ಟಿತ್ತು."

"ನನಗ ಕಾಣ್ಲೇ ಇಲ್ಲಲ್ರಿ."

"ನಿನಗ ಕಾಣೋದಿಲ್ಲ ಅಂತ ಹುಳ ಇಲ್ಲೇನು?"

ಅವರ ಹೆಂಡತಿ ಹಡಗಲಿಯವರು, ಶಾಲೆಯಲ್ಲಿ ಟೀಚರು. ಆ ಡಬರಿ ಅವರ ಮನೆಯದೇ. ಟೀಚರಮ್ಮ ಅದನ್ನು ಮತ್ತೆ ಅಡಿಗೆಮನೆಗೆ ಸೇರಿಸಲಿಲ್ಲ.

ಬಣ್ಣದ ಡಬ್ಬಿಗಳನ್ನು ವಿಮಾನದಲ್ಲಿ ಕಳಿಸುವುದಿಲ್ಲವಾದ್ದರಿಂದ ಡಾಕ್ಟರು ಕೊನೆಗೆ ದಾದಾಪೀರನ ಬಾಗಿಲಿಗೆ ಹೋಗಬೇಕಾಯಿತು. ಕೂಡ್ಲಿಗಿ ರಸ್ತೆಯಲ್ಲಿ ಲಾರಿ, ಟೆಂಪೋ, ಕಾರುಗಳಿಗೆ ಬಣ್ಣ ಹೊಡೆಯುವ ಶೆಡ್ಡು ಅವನದು. ಸುತ್ತ ನಾಲ್ಕು ತಾಲೂಕಿನಲ್ಲಿ ತನ್ನಂಥ ಪೇಂಟರ್ ಇಲ್ಲ ಎಂದು ತಾನೇ ಹೇಳಿಕೊಂಡು ತಿರುಗುವ, ಜೋರು ನಗೆಯ, ಬಾಯಲ್ಲಿ ಸದಾ ಗುಟ್ಕಾ ಇರುವ ಮನುಷ್ಯ. ಡಾಕ್ಟರು ಕಾರಿನ ಬಿಳಿ ಚಿಪ್ಪನ್ನು ಅಂಗೈ ಮೇಲಿಟ್ಟು ತೋರಿಸಿದಾಗ ಅವನು ಗೋಡೆ ಹಿಡಿದುಕೊಂಡು ನಕ್ಕ.

"ಇದಕ್ಕ ಬಣ್ಣದ ಗನ್ ಹಿಡಿದ್ರ ಹಾರಿ ಹಂಪಾಪಟ್ಣಕ್ಕ ಬೀಳ್ತೈತಿ ಸಾಹೇಬ್ರ!"

ಮೊದಲ ಪ್ರಯತ್ನದಲ್ಲಿ ಹಾರಲಿಲ್ಲ, ಕರಗಿತು. ಲಾರಿಯ ಬಣ್ಣಕ್ಕೆ ಹಾಕುವ ಥಿನ್ನರ್ ತಾಗಿದ್ದೇ ತಡ, ಪ್ಲಾಸ್ಟಿಕ್ ಮೆತ್ತಗಾಗಿ ಕಾರಿನ ಮಾಡು ಬಿಸಿಲಿಗಿಟ್ಟ ಹಪ್ಪಳದಂತೆ ಸೊಟ್ಟಗಾಯಿತು. ಡಾಕ್ಟರು ಅವನ ಎದುರೇ ಅದನ್ನು ಚರಂಡಿಗೆ ಎಸೆದು ಬಂದರು. ಇನ್ನು ಅವನ ಮುಖ ನೋಡುವುದಿಲ್ಲ ಎಂದು ನನ್ನ ಕಟ್ಟೆಯ ಮೇಲೆ ಆಣೆ ಮಾಡಿದರು. ಮುಂದಿನ ವಾರವೇ ಹೋದರು. ತೆಳ್ಳಗೆ, ಮಂಜು ಕೂತ ಹಾಗೆ, ಒಂದರ ಮೇಲೊಂದು ಪದರ ಹೊಡೆಯಬೇಕೆಂದು ಇಬ್ಬರೂ ಕೂಡಿ, ಇಬ್ಬರೂ ಬೈದಾಡಿಕೊಂಡು ಕಂಡುಕೊಂಡರು. ಆಮೇಲೆ ಶುಕ್ರವಾರ ಮಧ್ಯಾಹ್ನ ನಮಾಜು ಮುಗಿಸಿ ದಾದಾಪೀರ್ ದವಾಖಾನೆಗೆ ಬರುವುದು, ಒಳಕೋಣೆಯಲ್ಲಿ ಕಾರು ನಡುವೆ ಇಟ್ಟುಕೊಂಡು ಇಬ್ಬರೂ ಮಿರ್ಚಿ ಮಂಡಕ್ಕಿ ತಿನ್ನುವುದು ರೂಢಿಯಾಯಿತು. ನಾನೂ ಅಂಗಡಿಯ ಬಾಗಿಲು ಓರೆ ಮಾಡಿ ಸೇರಿಕೊಳ್ಳುತ್ತಿದ್ದೆ.

ಅಂಥ ಒಂದು ಶುಕ್ರವಾರವೇ ಡಾಕ್ಟರು ತಿನ್ನುವುದನ್ನು ನಿಲ್ಲಿಸಿ ಅವನನ್ನೇ ನೋಡತೊಡಗಿದರು. ದಾದಾಪೀರ್ ಮಿರ್ಚಿಯನ್ನು ಚಿಕ್ಕ ಚಿಕ್ಕ ಚೂರು ಮಾಡಿ, ಒಂದೊಂದನ್ನೇ ತುಟಿಗಳ ಸಂದಿನಿಂದ ಒಳಗೆ ತಳ್ಳುತ್ತಿದ್ದ.

"ಬಾಯಿ ತಗಿ."

"ಯಾಕ್ರಿ?"

"ತಗಿ ಅಂದೆ. ಮೂರು ಬೆಳ್ಳು ಒಂದರ ಮ್ಯಾಲೊಂದು ಒಳಗ ಹೋಗಬೇಕು."

ಒಂದು ಬೆರಳು ಹೋಯಿತು. ಎರಡನೆಯದು ಹಲ್ಲಿಗೆ ತಾಕಿ ನಿಂತಿತು. ಡಾಕ್ಟರು ಅವನನ್ನು ಎಬ್ಬಿಸಿ ಕುರ್ಚಿಯ ಮೇಲೆ ಕೂರಿಸಿ, ದೀಪ ಹಾಕಿ ಕೆನ್ನೆಯ ಒಳಭಾಗ ನೋಡಿದರು. ಬಹಳ ಹೊತ್ತು ನೋಡಿದರು. ದೀಪ ಆರಿಸಿದಾಗ ಅವರ ದನಿ ಮೆತ್ತಗಿತ್ತು. ಅವರ ದನಿ ಮೆತ್ತಗಾದದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ದಾದಾಪೀರ, ಒಳಗ ಗಟ್ಟಿ ಹುಣ್ಣು ಐತಿ. ದಾವಣಗೆರೆಗೆ ಹೋಗಿ ಚೂರು ತಗಿಸಿ ಪರೀಕ್ಷಾ ಮಾಡಸಬೇಕು. ನಾಳಿನ ಹೋಗು. ನಾ ಚೀಟಿ ಬರದ್ ಕೊಡ್ತೀನಿ."

"ಮೆಣಸಿನಕಾಯಿ ಉರಿ ರೀ ಅದು. ತಾನ ಹೋಗ್ತೈತಿ."

ಅವನು ಹೋಗಲಿಲ್ಲ. ಮೊದಲು ಟೆಂಪೋ ಒಂದು ಮುಗಿಸಬೇಕಿತ್ತು, ಆಮೇಲೆ ತಂಗಿಯ ಮನೆಯ ಮದುವೆ, ಆಮೇಲೆ ಇನ್ನೊಂದು. ಡಾಕ್ಟರು ದಿನಾ ಶೆಡ್ಡಿಗೆ ಹೋಗಿ ನಿಲ್ಲತೊಡಗಿದರು. ಗಿರಾಕಿಗಳ ಮುಂದೆಯೇ ಬೈಯುತ್ತಿದ್ದರು. ಅವನು ಬಣ್ಣದ ಗನ್ನಿನ ಸದ್ದು ಜೋರು ಮಾಡುತ್ತಿದ್ದ. ಕೊನೆಗೊಂದು ದಿನ ಡಾಕ್ಟರು, "ನೀನು ಬಾಯಿ ತೋರಿಸಿಕೊಂಡು ಬರೋತನಕ ನನ್ನ ಕಾರು ಮುಟ್ಟಬ್ಯಾಡ" ಅಂದರು.

ದಾದಾಪೀರನ ನಗು ನಿಂತಿತು. "ಕಾರು ನಿಮ್ದು ಸಾಹೇಬ್ರ, ಒಯ್ರಿ. ಬಾಯಿ ನಂದು."

ಆ ಶುಕ್ರವಾರದಿಂದ ಅವನು ಬರಲಿಲ್ಲ. ನಡುವೆ ಸಿಕ್ಕವನು ನಾನು. ಇವರು ನನ್ನನ್ನು ಅಟ್ಟುತ್ತಿದ್ದರು, "ಹೋಗಿ ಹೇಳು ಆ ಕತ್ತೆಗೆ" ಎಂದು. ನಾನು ಹೋದರೆ ಅವನು ಚಹಾ ತರಿಸಿ ಊರ ಸುದ್ದಿಯೆಲ್ಲ ಮಾತಾಡಿ ಬಾಯಿಯ ಮಾತು ಬಂದ ಕೂಡಲೇ ಎದ್ದುಬಿಡುತ್ತಿದ್ದ. ಹುಣ್ಣಿಗೆ ಹಚ್ಚುವ ಮುಲಾಮನ್ನು ನಾನು ಕೊಡುವುದಿಲ್ಲವೆಂದು ಗೊತ್ತಾದ ಮೇಲೆ ಕೂಡ್ಲಿಗಿಯಿಂದ ತರಿಸಿಕೊಳ್ಳುತ್ತಿದ್ದನಂತೆ. ಇತ್ತ ಡಾಕ್ಟರು ರೋಗಿಗಳ ಮೇಲೆ ರೇಗುತ್ತಿದ್ದರು, ಮನೆಯಲ್ಲಿ ಊಟ ಬಿಟ್ಟು ಏಳುತ್ತಿದ್ದರು. ಒಬ್ಬ ಮನುಷ್ಯನನ್ನು ಕೈಯಲ್ಲಿ ಹಿಡಿದು ಬದುಕಿನ ಕಡೆ ಎಳೆಯುವುದು ಇಷ್ಟು ಕಷ್ಟವೇ ಎಂದು ನನಗೂ ರೋಸಿಹೋಗಿತ್ತು.

ಒಂದು ಬೆಳಿಗ್ಗೆ ದಾದಾಪೀರನ ಹೆಂಡತಿ ದವಾಖಾನೆಯ ಬಾಗಿಲಿಗೆ ಬಂದು ನಿಂತಳು. "ರೊಟ್ಟಿ ತಿನ್ನಾಕ ಆಗವಲ್ದು ಡಾಕ್ಟರ್ ಸಾಬ್. ಹಾಲಾಗ ನೆನಸಿ ಕೊಟ್ರೂ ಬ್ಯಾಡ ಅಂತಾರ. ಕಿವಿ ಒಳಗ ಸೆಳೀತೈತಿ ಅಂತ ಗ್ವಾಡಿಗೆ ತಲಿ ಒತ್ತಿಕೊಂಡು ಕುಂದರ್ತಾರ" ಅಂದಳು.

ಡಾಕ್ಟರು ಕುರ್ಚಿಯಲ್ಲಿದ್ದವರನ್ನು ಎಬ್ಬಿಸಿ ಕಳಿಸಿದರು. ಶಟರ್ ಎಳೆದರು. ನನ್ನನ್ನೂ ತಮ್ಮ ಓಡಾಟದ ಕಾರಿಗೆ ಹತ್ತಿಸಿಕೊಂಡು ನೇರ ಶೆಡ್ಡಿಗೆ ಹೊರಟರು. ಈ ಸಲ ಬೈಯಲಿಲ್ಲ. ಗೋಡೆಗೆ ನೇತುಹಾಕಿದ್ದ ಅವನ ಬಣ್ಣದ ಗನ್ನನ್ನು ಕಳಚಿ, ತಂದು, ಡಿಕ್ಕಿಯಲ್ಲಿಟ್ಟು ಬೀಗ ಹಾಕಿದರು. ಆ ಗನ್ನನ್ನು ಅವನು ತನ್ನ ಕೆಲಸಗಾರರಿಗೂ ಮುಟ್ಟಗೊಡುತ್ತಿರಲಿಲ್ಲ.

"ಏನ್ ಮಾಡಾಕ ಹತ್ತೀರಿ?" ಎಂದು ಅವನು ಓಡಿಬಂದ.

"ನಿನ್ನ ಗನ್ ದಾವಣಗೆರೆಗೆ ಹೊಂಟೈತಿ. ಬೇಕಂದ್ರ ಬಾ."

ಗಾಡಿ ಶುರುವಾಗಿತ್ತು. ದಾದಾಪೀರ್ ಬಣ್ಣದ ಲುಂಗಿಯಲ್ಲೇ ಹಿಂದಿನ ಬಾಗಿಲು ತೆಗೆದು ಹತ್ತಿದ. ಹರಪನಹಳ್ಳಿ ದಾಟುವವರೆಗೂ ಅವನು ಗನ್ನಿಗಾಗಿ ಕೂಗಾಡಿದ. ಆಮೇಲೆ ಕನ್ನಡಿಯಲ್ಲಿ ನೋಡಿದರೆ, ಕಿವಿಯ ಕೆಳಗೆ ಅಂಗೈ ಒತ್ತಿಕೊಂಡು ಕಿಟಕಿಗೆ ಒರಗಿದ್ದ. ಅವನಿಗೆ ಮೊದಲಿನಿಂದಲೂ ಎಲ್ಲವೂ ಗೊತ್ತಿತ್ತು ಎಂದು ನನಗೆ ಆಗ ಅನ್ನಿಸಿತು.

ಪರೀಕ್ಷೆಯ ಫಲ ಡಾಕ್ಟರು ಹೆದರಿದಂತೆಯೇ ಬಂತು, ಕ್ಯಾನ್ಸರು. ಕೆನ್ನೆಯ ಒಳಭಾಗ, ದವಡೆಯ ಒಂದು ಪಕ್ಕ, ನಾಲಿಗೆಯ ಅಂಚು ಎಲ್ಲ ತೆಗೆದು, ಎದೆಯ ಮಾಂಸ ತಂದು ಕೆನ್ನೆಗೆ ಹೊಲಿದರು. ಆಮೇಲೆ ಕರೆಂಟು ಕೊಡಿಸುವುದು, ಅಂದರೆ ರೇಡಿಯೇಶನ್, ನಡೆಯಿತು. ಆ ದಿನಗಳಲ್ಲಿ ದವಾಖಾನೆ ಮುಚ್ಚಿದ್ದೇ ಹೆಚ್ಚು. ದಾದಾಪೀರ್ ಬದುಕಿದ. ಮುಖ ಒಂದು ಪಕ್ಕಕ್ಕೆ ಕುಸಿದಿತ್ತು. ಮಾತು ಹೋಗಿತ್ತು, ಬಾಯಿಂದ ಬರುವುದು ಮಾತಿನ ಏರಿಳಿತವುಳ್ಳ ಒಂದು ಸದ್ದು ಮಾತ್ರ. ಅನ್ನ, ನೀರು, ಗುಳಿಗೆಯಂಥ ಮಾತು ಅವನ ಹೆಂಡತಿಗೆ ತಿಳಿಯುತ್ತಿತ್ತು, ಅದಕ್ಕಿಂತ ಹೆಚ್ಚಿನದು ಅವಳಿಗೂ ತಿಳಿಯುತ್ತಿರಲಿಲ್ಲ.

ಅವನು ಡಾಕ್ಟರ ಮುಖ ನೋಡಲು ಒಪ್ಪಲಿಲ್ಲ. ಮನೆಗೆ ಹೋದರೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ. ಡಾಕ್ಟರ ಹೆಸರೆತ್ತಿದರೆ ತಟ್ಟೆ ತಳ್ಳುತ್ತಾನೆ ಎಂದು ಹೆಂಡತಿ ನನಗೆ ಹೇಳಿದಳು. ನಾನು ಅದನ್ನು ಬಂದು ಹೇಳುವಾಗ ನನ್ನ ಮೈ ಉರಿಯುತ್ತಿತ್ತು. ಇವರು ಇಷ್ಟು ಮಾಡಿದ್ದಕ್ಕೆ ಇದೇನಾ? ಡಾಕ್ಟರು ಕನ್ನಡಕ ಹುಡುಕಲಿಲ್ಲ. "ಸಿಟ್ಟು ಬರಾಕ ಜೀವ ಇರಬೇಕಲ್ಲೋ. ಇರ್ಲಿ ಬಿಡು" ಅಂದರು. ಅಂದರೂ, ಆಮೇಲೆ ಒಳಕೋಣೆಯಲ್ಲಿ ಅವರ ಕೈ ಓಡಲಿಲ್ಲ. ಫೇರ್‌ಲೇಡಿಗೆ ತಾವೇ ತಳಬಣ್ಣದ ಪ್ರೈಮರ್ ಹೊಡೆಯಲು ಹೋಗಿ ಅದು ಕಿತ್ತಳೆ ಸಿಪ್ಪೆಯಂತೆ ಒರಟಾಯಿತು. ಉಜ್ಜಿದರು, ಮತ್ತೆ ಹೊಡೆದರು, ಮತ್ತೆ ಉಜ್ಜಿದರು. ಬಾನೆಟ್ಟಿನ ಗೆರೆಗಳೇ ಅಳಿಸಿಹೋದವು.

ಎಷ್ಟೋ ತಿಂಗಳ ಮೇಲೆ, ಒಂದು ಶುಕ್ರವಾರ, ಮುಖಕ್ಕೆ ಟವೆಲ್ ಸುತ್ತಿಕೊಂಡು ದಾದಾಪೀರ್ ಬಂದ. ಯಾರನ್ನೂ ಕೇಳದೆ ಒಳಕೋಣೆಗೆ ಹೋದ. ಮೇಜಿನ ಮೇಲಿದ್ದ ಚಿಪ್ಪನ್ನು ಎತ್ತಿ ಬೆಳಕಿಗೆ ಹಿಡಿದು, ಟವೆಲ್ ಸರಿಸಿ, ಉದ್ದಕ್ಕೆ ಏನೋ ಹೇಳಿದ. ನನಗೆ ಒಂದಕ್ಷರ ತಿಳಿಯಲಿಲ್ಲ. ಡಾಕ್ಟರು ಮಾತ್ರ, "ಮತ್ತೇನ್ ಮಾಡ್ಲಿ? ನೀ ಬರಲಿಲ್ಲ" ಎಂದು ಉತ್ತರ ಕೊಟ್ಟರು. ಅವನು ಮತ್ತೆ ಹೇಳಿದ. ಇವರು ಮತ್ತೆ ಉತ್ತರಿಸಿದರು. ಬಾಯಲ್ಲಿ ಹತ್ತಿ ತುಂಬಿಕೊಂಡವರು, ತುಟಿ ಮರಗಟ್ಟಿದವರು, ನಾಲಿಗೆ ಹಿಡಿಸಿಕೊಂಡವರು ಆಡುವುದನ್ನು ಕೇಳಿಯೇ ಡಾಕ್ಟರ ಆಯುಷ್ಯ ಕಳೆದಿತ್ತು. ಅವರಿಗೆ ಅವನ ಮಾತು ಹೊಸ ಭಾಷೆಯೇ ಆಗಿರಲಿಲ್ಲ.

"ಏನಂತಾನ್ರಿ?" ಎಂದು ನಾನು ಕೇಳಿದೆ.

"ಪ್ರೈಮರ್ ದಪ್ಪ ಆಗೈತಂತ. ನಾನು ಗ್ವಾಡಿಗೆ ಸುಣ್ಣ ಹೊಡ್ಯಾಕ ಲಾಯಕ್ ಅಂತ. ಬೈಯಾಕ ಬಂದಾನ ಮಗಾ" ಅಂದರು. ಅವರ ಕಣ್ಣು ತುಂಬಿತ್ತು. ಕನ್ನಡಕವನ್ನು ಹಣೆಯಿಂದ ಇಳಿಸಿ ಹಾಕಿಕೊಂಡರು.

ಅಂದಿನಿಂದ ಡಾಕ್ಟರು ಅವನ ಬಾಯಿಯಾದರು. ಶೆಡ್ಡಿನ ಗಿರಾಕಿಗಳ ಫೋನು ಬಂದರೆ ದಾದಾಪೀರ್ ಓಡಿಬಂದು ಮೊಬೈಲನ್ನು ಇವರ ಕೈಗೆ ಕೊಡುತ್ತಿದ್ದ. ಕುರ್ಚಿಯಲ್ಲಿ ಒಬ್ಬರು ಬಾಯಿ ತೆರೆದು ಕೂತಿದ್ದಂತೆಯೇ ಇವರು ಟೆಂಪೋದ ಬಣ್ಣದ ಮಾತಾಡುತ್ತಿದ್ದರು. "ನಾನೇನು ಇವನ ಲೌಡ್‌ಸ್ಪೀಕರ್ ಅದೀನೇನು?" ಎಂದು ಗೊಣಗುತ್ತಿದ್ದರು, ಒಮ್ಮೆಯೂ ಆಗುವುದಿಲ್ಲ ಅನ್ನಲಿಲ್ಲ. ಫೇರ್‌ಲೇಡಿಗೆ ಹೊಸ ಚಿಪ್ಪು ತರಿಸಿದರು. ಅದರ ಹಸಿರಿಗೆ ಇಬ್ಬರೂ ಜಗಳವಾಡಿದರು. ಒಬ್ಬರು ಕಪ್ಪು ಜಾಸ್ತಿ ಎಂದರೆ ಇನ್ನೊಬ್ಬರು ಹಳದಿ ಕಮ್ಮಿ ಎಂದು. ಮುಗಿಸಿ ಹೊಳಪು ಕೊಟ್ಟ ಮೇಲೆ ಡಾಕ್ಟರು ಭೂತಗನ್ನಡಿ ಹಿಡಿದು, ಇದೂ ಸರಿಯಿಲ್ಲ, ಸುಲಿಯಬೇಕು ಅಂದರು. ದಾದಾಪೀರ್ ಬ್ರೇಕ್ ಆಯಿಲ್ ಬಾಟಲಿಯನ್ನು ಕಸಿದು ಹೊರಗೆ ಎಸೆದ. ಕಾರು ಹಸಿರಾಗಿಯೇ ಉಳಿಯಿತು.

ಮುಂದಿನ ಬೇಸಿಗೆಯಲ್ಲಿ ಡಾಕ್ಟರು ಹೋದರು. ಬೆಳಿಗ್ಗೆ ದವಾಖಾನೆಗೆ ಹೊರಡಲೆಂದು ಕೂತು ಬೂಟಿನ ಲೇಸು ಕಟ್ಟುತ್ತಿದ್ದವರು ಹಾಗೆಯೇ ಮುಂದಕ್ಕೆ ಬಾಗಿದರಂತೆ. ಹೃದಯಾಘಾತ. ಯಾರಿಗೂ ಓಡಾಡಲು, ಕೂಗಾಡಲು, ಡಿಕ್ಕಿಯಲ್ಲಿ ಏನನ್ನಾದರೂ ಹಾಕಿಕೊಂಡು ದಾವಣಗೆರೆಗೆ ಓಡಲು ಸಮಯ ಕೊಡಲಿಲ್ಲ.

ದವಾಖಾನೆ ಖಾಲಿ ಮಾಡುವ ದಿನ ಟೀಚರಮ್ಮ ನನ್ನನ್ನು ಕರೆದರು. ಹಲ್ಲಿನ ಕುರ್ಚಿಯನ್ನು ಹಗರಿಬೊಮ್ಮನಹಳ್ಳಿಯ ಹೊಸ ಡಾಕ್ಟರೊಬ್ಬರು ಒಯ್ಯುವವರಿದ್ದರು. ನಾನು ಕಾರುಗಳನ್ನು ಹತ್ತಿಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕುತ್ತಿದ್ದೆ. ದಾದಾಪೀರ್ ಬಂದ. ಹಸಿರು ಫೇರ್‌ಲೇಡಿಯನ್ನು ಕೈಗೆ ತೆಗೆದುಕೊಂಡು, ಟವೆಲ್ ಬಿಚ್ಚಿ, ಟೀಚರಮ್ಮನ ಎದುರು ನಿಂತು ಮಾತಾಡತೊಡಗಿದ. ಬಹಳ ಹೊತ್ತು ಮಾತಾಡಿದ. ನಡುವೆ ಬಾನೆಟ್ ತೋರಿಸಿದ, ತನ್ನ ಕೆನ್ನೆ ಮುಟ್ಟಿಕೊಂಡ, ಒಮ್ಮೆ ನಕ್ಕ ಹಾಗೂ ಕಂಡಿತು.

ಟೀಚರಮ್ಮ ನನ್ನ ಕಡೆ ನೋಡಿದರು. "ಏನಂತಾನಪ್ಪ ಕೊಟ್ರೇಶಿ?"

ಏನಾದರೂ ಹೇಳಲೇಬೇಕಿತ್ತು. "ಸಾಹೇಬ್ರು ಭಾಳ ದೊಡ್ಡ ಮನುಷ್ಯಾರು ಅಂತಾನ್ರಿ" ಅಂದೆ.

ದಾದಾಪೀರ್ ಜೋರಾಗಿ ತಲೆ ಅಲ್ಲಾಡಿಸಿದ. ಅದಲ್ಲ. ಮತ್ತೆ ಮೊದಲಿನಿಂದ ಹೇಳಿದ, ಈ ಸಲ ನಿಧಾನವಾಗಿ, ಒಂದೊಂದು ಸದ್ದನ್ನೂ ಬಿಡಿಸಿ. ನಾನು ಹತ್ತಿರ ಹೋಗಿ ಕಿವಿ ಕೊಟ್ಟೆ. ತಿಳಿಯಲಿಲ್ಲ. ಪೆನ್ನು ಕೊಟ್ಟೆ, ಗಾಡಿಯ ನಂಬರು ಬಿಟ್ಟರೆ ಬೇರೇನೂ ಬರೆದು ಗೊತ್ತಿಲ್ಲದವನು ಅದನ್ನು ಪಕ್ಕಕ್ಕೆ ಸರಿಸಿದ. ಮೂರನೇ ಸಲ ಹೇಳಲು ಹೋಗಿ ಅರ್ಧಕ್ಕೆ ನಿಂತ. ಅವನ ಕತ್ತಿನ ನರಗಳು ಉಬ್ಬಿದ್ದವು. ನಮ್ಮಿಬ್ಬರನ್ನೂ ನೋಡಿದ. ಆಮೇಲೆ, ನೀವಾದರೂ ಇವರಿಗೆ ಹೇಳಿರಿ ಎಂಬಂತೆ, ಅಭ್ಯಾಸದ ಮೇಲೆ, ಡಾಕ್ಟರು ನಿಲ್ಲುತ್ತಿದ್ದ ಜಾಗದ ಕಡೆ ತಿರುಗಿದ.